19 ದಿನಕ್ಕೇ ಕಳಚಿ ಬಿದ್ದ ಬ್ರೇಕ್ ಪ್ಯಾಡ್: ದೂರು

ಬದಿಯಡ್ಕ, ಕಾಸರಗೋಡು ಜಿಲ್ಲೆ
9 ಜುಲೈ 2025

ಗ್ರಾಹಕರ ದೂರು ನೋಡುವ ಅಧಿಕಾರಿಗಳಿಗೆ,

ನಮಸ್ಕಾರ. ನನ್ನದು 2004ರ ಮಾರುತಿ 800. ಅದರ ಮುಂದಿನ ಚಕ್ರಗಳಿಗೆಂದು ನಿಮ್ಮ ಮಂಗಳೂರಿನ ಅಂಗಡಿಯಿಂದ ಆನ್‌ಲೈನ್‌ನಲ್ಲಿ ತರಿಸಿದ ಬ್ರೇಕ್ ಪ್ಯಾಡ್‌ಗಳನ್ನು ಜೂನ್ 8ರ ಆದಿತ್ಯವಾರ ಮನೆಯಂಗಳದಲ್ಲೇ ಹಾಕಿದೆ. ಜೂನ್ 27ಕ್ಕೆ, ಬರೇ 420 ಕಿಲೋಮೀಟರ್ ಓಡುವಷ್ಟರಲ್ಲಿ, ಎಡ ಚಕ್ರದ ಒಂದು ಪ್ಯಾಡಿನ ಲೈನಿಂಗ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಉಜ್ಜಿ ಹಿಡಿಯುವ ಪದರ) ಅದನ್ನು ಅಂಟಿಸಿದ್ದ ತಗಡಿನಿಂದ ಪೂರ್ತಿ ಕಳಚಿ ಬಿತ್ತು.

ಆಗ ನಾವು ಮುಳ್ಳೇರಿಯಕ್ಕೆ ಹೋಗುವ ದಾರಿಯ ಒಂದು ಇಳಿಜಾರಿನಲ್ಲಿದ್ದೆವು. ಜೋರು ಮಳೆ. ಹಿಂದಿನ ಸೀಟಿನಲ್ಲಿ ಅಮ್ಮ. ತಿರುವಿಗೆ ಮೊದಲು ಬ್ರೇಕ್ ಒತ್ತಿದರೆ ಪೆಡಲ್ ಒಮ್ಮೆಲೇ ಕೆಳಗೆ ಹೋಯಿತು. ಕಬ್ಬಿಣ ಉಜ್ಜುವ ಸದ್ದು ಬಂತು, ಕಾರು ಬಲಕ್ಕೆ ಎಳೆಯಿತು. ಬಲಕ್ಕೆ ಅಂದರೆ ಎದುರಿನ ಗಾಡಿಗಳು ಬರುವ ಬದಿಗೆ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಅಮ್ಮ ಆಮೇಲೆ ಆ ಕಾರು ಹತ್ತಿಲ್ಲ.

ಫೋನ್ ಮಾಡಿದಾಗ ನಿಮ್ಮವರು ಹೇಳಿದ್ದು ಒಂದೇ: ಮನೆಯಲ್ಲಿ ಹಾಕಿದ್ದು, ವರ್ಕ್‌ಶಾಪ್ ಬಿಲ್ ಇಲ್ಲ, ಹಾಗಾಗಿ ತಪ್ಪು ನಿಮ್ಮದೇ.

ನಾನು ಸುಮ್ನೆ ಬೋಲ್ಟು ಬಿಚ್ಚಿ ಹಾಕಿದವನಲ್ಲ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಹೋಸಿನಲ್ಲಿ ನೇತಾಡಬಾರದೆಂದು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ. ಬ್ರೇಕ್ ಆಯಿಲ್ ಉಕ್ಕದಂತೆ ನೋಡಿಕೊಳ್ಳುತ್ತಾ ಪಿಸ್ಟನ್ ನಿಧಾನಕ್ಕೆ ಹಿಂದೆ ಒತ್ತಿದೆ. ಪಿನ್ನುಗಳನ್ನು ಒರೆಸಿ ಗ್ರೀಸ್ ಹಚ್ಚಿದೆ. ಪೆಡಲ್ ಗಟ್ಟಿಯಾಗುವವರೆಗೆ ಒತ್ತಿದ ಮೇಲೆಯೇ ಕಾರು ಅಂಗಳದಿಂದ ಹೊರಗೆ ಹೋಯಿತು.

ಸರಿ, ನನ್ನ ಕೆಲಸದಲ್ಲೇ ತಪ್ಪಿತ್ತು ಅಂತ ಇಟ್ಟುಕೊಳ್ಳಿ. ಆದರೆ ಲೈನಿಂಗನ್ನು ತಗಡಿಗೆ ಅಂಟಿಸಿದ್ದು ನಾನಲ್ಲವಲ್ಲ! ಬಿಚ್ಚಿ ನೋಡಿದರೆ ಲೈನಿಂಗ್ ಒಂದೇ ತುಂಡಾಗಿ ಬಂದಿತ್ತು, ಸವೆದೇ ಇರಲಿಲ್ಲ. ತಗಡಿನ ಮೇಲೆ ಅಂಟು ಒಂದು ಅಂಚಿನಲ್ಲಿ ಮಾತ್ರ, ಬೆರಳಗಲ. ಉಳಿದ ಜಾಗದಲ್ಲೆಲ್ಲ ಕೆಂಪು ತುಕ್ಕು. ಅಂಟಿಸುವ ಮೊದಲೇ ಇದ್ದ ತುಕ್ಕು ಅದು ಅಂತ ನನಗೆ ಅನಿಸುತ್ತದೆ. ಡಿಸ್ಕಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದೆ.

ಪ್ಯಾಡಿನ ಮತ್ತು ಹಾಳಾದ ಡಿಸ್ಕಿನ ಹಣ ಕೊಡಿ. ಅದಕ್ಕಿಂತ ಜಾಸ್ತಿ ಮುಖ್ಯವಾದದ್ದು, ಇದೇ ಬ್ಯಾಚಿನ ಪ್ಯಾಡ್ ಕೊಂಡವರಿಗೆಲ್ಲ ಕೂಡಲೇ ಫೋನ್ ಮಾಡಿ, ವಾಪಸ್ ತರಿಸಿಕೊಳ್ಳಿ. ಮಳೆಗಾಲ ಇನ್ನೂ ಮುಗಿದಿಲ್ಲ, ನಮ್ಮ ಕಡೆ ರಸ್ತೆಯೆಲ್ಲ ಏರಿಳಿತ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ಕಾಸರಗೋಡಿನ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಂಗಡಿ ಮಂಗಳೂರಿನಲ್ಲಿದ್ದರೂ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆಯಲ್ಲಿ ಅವಕಾಶವಿದೆ.

ಬಿಲ್ಲು, ಪೆಟ್ಟಿಗೆಯ ಬ್ಯಾಚ್ ನಂಬರ್, ಫೋಟೋಗಳು ಜೊತೆಗಿವೆ. ಪ್ಯಾಡನ್ನು ಹಾಗೇ ತೆಗೆದಿಟ್ಟಿದ್ದೇನೆ. ನಿಮ್ಮವರು ಯಾರಾದರೂ ಬಂದರೆ ಕೈಗೇ ಕೊಟ್ಟು ತೋರಿಸುತ್ತೇನೆ.

ಇತಿ,
ನಿಮ್ಮ ಗ್ರಾಹಕ