ಮಂಚದ ಕೆಳಗೊಂದು ಪೆಟ್ಟಿಗೆ

ಹೆಲ್ಸಿಂಕಿ, ಭಾನುವಾರ

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ಕಟಪಾಡಿಯಲ್ಲಿ ಮಳೆ ಜೋರಂತೆ. ಮರ ಒಣಗುವುದಿಲ್ಲ, ಕೆಲಸ ನಿಂತಿದೆ ಅಂತ ಅಮ್ಮ ಹೇಳಿದಳು. ಹಾಗಾದರೆ ಪತ್ರ ಓದಲು ನಿಮಗೆ ಪುರುಸೊತ್ತು ಇರಬಹುದು. ಒಂದು ಕೆಲಸದ ವಿಷಯ ಕೇಳುವುದಿದೆ.

ನಾನು ಓದಲು ಇಲ್ಲಿಗೆ ಹೊರಡುವಾಗ ಚಿಕ್ಕಪ್ಪ ಕೇಳಿದ್ದರು, ಇಂಟೀರಿಯರ್ ಡಿಸೈನ್ ಅಂದರೆ ದುಡ್ಡಿದ್ದವರ ಮನೆಗೆ ಫಾಲ್ಸ್ ಸೀಲಿಂಗ್ ಹಾಕುವುದು ಅಲ್ವಾ ಅಂತ. ಆಗ ಉತ್ತರ ಹೊಳೆದಿರಲಿಲ್ಲ. ಈಗ ಹೇಳಬಲ್ಲೆ.

ಹೋದ ವಾರ ಇಲ್ಲಿನ ಆಲ್ಪಿಕಾತು ಬೀದಿಯ ಒಂದು ಕಟ್ಟಡ ನೋಡಲು ಹೋಗಿದ್ದೆವು. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯವರದ್ದು. ಮೊದಲು ಮನೆಯಿಲ್ಲದವರು ರಾತ್ರಿ ತಂಗುವ ಜಾಗ, 250 ಹಾಸಿಗೆ. ಒಳಗೆಲ್ಲ ಬದಲಾಯಿಸಿ ಎಂಬತ್ತರಷ್ಟು ಚಿಕ್ಕ ಮನೆ ಮಾಡಿದ್ದಾರೆ. ಹಾಸಿಗೆ ಕಡಿಮೆ ಆಯ್ತಲ್ಲ ಅಂತ ನನಗೂ ಅನ್ನಿಸಿತು. ಆದರೆ ಫಿನ್ಲೆಂಡ್ ದೇಶ 2008ರಲ್ಲಿ ತೀರ್ಮಾನ ಮಾಡಿದ್ದೇ ಬೇರೆ. ಮೊದಲು ಮನೆ. ಕುಡಿತ ಬಿಡಿಸುವುದು, ಕೆಲಸ ಹುಡುಕುವುದು ಎಲ್ಲ ಆಮೇಲೆ. ಬಾಡಿಗೆ ಕರಾರು ಮನೆಯಲ್ಲಿ ಇರುವವರ ಹೆಸರಲ್ಲೇ. ಊರಲ್ಲೆಲ್ಲ ಸಣ್ಣ ಮನೆ ಕಟ್ಟಿದರು, ಕೊಂಡು ಬಾಡಿಗೆಗೂ ಕೊಟ್ಟರು. 1985ರಲ್ಲಿ ಹೆಲ್ಸಿಂಕಿಯ ತಂಗುದಾಣಗಳಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಹಾಸಿಗೆ ಇದ್ದವು. 2016ಕ್ಕೆ 52 ಉಳಿದಿದ್ದವು.

ಅಲ್ಲಿ ವಯಸ್ಸಾದವರೊಬ್ಬರು ತಮ್ಮ ಕೋಣೆ ತೋರಿಸಿದರು. ಬೀಗದ ಕೈ ಜೇಬಿನಿಂದ ತೆಗೆದು ತಾವೇ ಬಾಗಿಲು ತೆರೆದರು. ಮಂಚ ಗೋಡೆಗೆ ತಾಗಿಸಿ ಇಟ್ಟಿದ್ದರು, ಮಲಗಿದಲ್ಲಿಂದಲೇ ಬಾಗಿಲು ಕಾಣುವ ಹಾಗೆ. ಬೀದಿಯಲ್ಲಿ ಮಲಗಿ ಅಭ್ಯಾಸವಾದವರಿಗೆ ಬೆನ್ನ ಹಿಂದೆ ಗೋಡೆ ಇಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲವಂತೆ. ತಂಗುದಾಣದ ಹಾಲ್‌ನಲ್ಲಿ ಮಲಗುತ್ತಿದ್ದಾಗ ಕಳ್ಳತನದ ಹೆದರಿಕೆಗೆ ಶೂ ತಲೆಯಡಿಗೆ ಇಟ್ಟುಕೊಳ್ಳುತ್ತಿದ್ದೆ ಎಂದರು. ಈಗ ಆ ಶೂ ಬಾಗಿಲ ಹತ್ತಿರ ಜೋಡಿಸಿ ಇಟ್ಟಿತ್ತು. ನಾನು ಅದನ್ನೇ ನೋಡುತ್ತ ನಿಂತೆ.

ನೀವು ಮಾಡಿಕೊಟ್ಟ ಪೆಟ್ಟಿಗೆ ನೆನಪಾಯಿತು ಅಪ್ಪ. ಬಾಡಿಗೆ ಮನೆಯಲ್ಲಿ ಆರು ಜನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಕಾಲ. ಉಳಿದ ಹಲಸಿನ ಹಲಗೆಯಲ್ಲಿ ಮಾಡಿದ್ದಿರಿ, ಎರಡು ವಿಜಾಗರಿ, ಒಂದು ಸಣ್ಣ ಬೀಗ. ಕೀ ಅಮ್ಮ ಕೇಳಿದರೂ ಕೊಡಬೇಡ ಅಂದಿದ್ದಿರಿ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಜಪಾನಿನಲ್ಲಿ 2011ರ ಸುನಾಮಿ ಆದಾಗ ಜನ ಶಾಲೆಯ ಜಿಮ್‌ಗಳಲ್ಲಿ ಸಾಲಾಗಿ ಮಲಗಿದ್ದರು. ಶಿಗೇರು ಬಾನ್ ಎಂಬ ಆರ್ಕಿಟೆಕ್ಟ್ ರಟ್ಟಿನ ಕೊಳವೆ ನಿಲ್ಲಿಸಿ ಬಟ್ಟೆ ಪರದೆ ಕಟ್ಟಿಕೊಟ್ಟರು. ಒಂದೊಂದೂ 2 ಮೀಟರ್ ಉದ್ದ, 2 ಮೀಟರ್ ಅಗಲ. ಅಂಥವು ಸುಮಾರು 1,800. ಬಟ್ಟೆ ಬದಲಾಯಿಸಲು, ಸುಮ್ನೆ ಕೂತು ಅಳಲು ಒಂದು ಮರೆ ಬೇಕಲ್ಲ.

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ಹತ್ತಿರ ರಾತ್ರಿ ಅಂಗಡಿ ಜಗಲಿಯಲ್ಲಿ ಮಲಗುವವರನ್ನು ನೀವೂ ನೋಡಿದ್ದೀರಿ. ಗದಗ, ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದವರು. ಕೂಲಿ ಇದೆ, ಮನೆಗೆ ಅಡ್ವಾನ್ಸ್ ಕೊಡಲು ಇಲ್ಲ. ನಗರದಲ್ಲಿ ಮನೆಯಿಲ್ಲದವರ ತಂಗುದಾಣಗಳಲ್ಲಿ ಒಬ್ಬರಿಗೆ ಕನಿಷ್ಠ 50 ಚದರ ಅಡಿ, ಸಾಮಾನು ಇಡಲು ಲಾಕರ್ ಇರಬೇಕು ಅಂತ ಕೇಂದ್ರ ಸರಕಾರದ ಮಾರ್ಗಸೂಚಿಯೇ ಹೇಳಿದೆ. 50 ಚದರ ಅಡಿ ಜಪಾನಿನ ಆ ಪರದೆಯ ಜಾಗಕ್ಕಿಂತ ಜಾಸ್ತಿ. ಆದರೆ ಹೋದ ಸಲ ಊರಿಗೆ ಬಂದಾಗ ನಾನು ನೋಡಿದ ತಂಗುದಾಣದಲ್ಲಿ ಚಾಪೆಗಳ ಸಾಲು, ತಲೆ ಮೇಲೆ ಟ್ಯೂಬ್‌ಲೈಟ್, ಎಲ್ಲರೂ ಚೀಲ ತಬ್ಬಿಕೊಂಡೇ ಮಲಗಿದ್ದರು.

ಪೆಟ್ಟಿಗೆಯಿಂದ ಮನೆ ಆಗುವುದಿಲ್ಲ, ಗೊತ್ತು. ಮನೆ ಬೇಕು, ಅದನ್ನು ಸರಕಾರವೇ ಕಟ್ಟಬೇಕು. ಅದು ಆಗುವವರೆಗೆ ಇವತ್ತು ರಾತ್ರಿ ಮಲಗುವವರಿಗೆ ಏನು ಮಾಡಬಹುದು ಅಂತ ನನ್ನ ಪ್ರಾಜೆಕ್ಟ್. ಮಂಚ, ಅದರ ಕೆಳಗೆ ಬೀಗದ ಪೆಟ್ಟಿಗೆ, ತಲೆ ಕಡೆ ಒಂದು ಮರೆ, ಅವರ ಕೈಗೆ ಸಿಗುವ ಒಂದು ಲೈಟಿನ ಸ್ವಿಚ್. ಅಷ್ಟೇ.

ಇಲ್ಲಿನ ಮೇಷ್ಟ್ರು ಪ್ಲೈವುಡ್ ಸಾಕು ಅನ್ನುತ್ತಾರೆ. ನಮ್ಮ ಕರಾವಳಿಯ ಮಳೆ ಅವರಿಗೆ ಗೊತ್ತಿಲ್ಲ. ಉಬ್ಬಿ ಮುಚ್ಚಳ ಹಿಡಿದುಕೊಳ್ಳುವುದಿಲ್ಲವಾ? ಬೂಸು ಬಾರದ ಹಾಗೆ ಹಿಂದೆ ತೂತು ಎಷ್ಟು ಬೇಕು? ಪೆಟ್ಟಿಗೆಯ ಕಾಲು ಎಷ್ಟು ಇಂಚು ಎತ್ತರ ಇದ್ದರೆ ಕೆಳಗೆ ಕಸಬರಿಕೆ ಹೋಗುತ್ತದೆ? ನನ್ನ ಹಳೆಯ ಪೆಟ್ಟಿಗೆ ಅಟ್ಟದಲ್ಲಿ ಇನ್ನೂ ಇದ್ದರೆ ಅಳತೆ ತೆಗೆದು ಕಳಿಸಿ. ಗುರುವಾರದ ಒಳಗೆ ಸಿಕ್ಕಿದರೆ ಒಳ್ಳೆಯದು.

ಅಜ್ಜಿಗೆ ನಮಸ್ಕಾರ ಹೇಳಿ.

ನಿಮ್ಮ ಮಗಳು