ಜೀವಶಾಸ್ತ್ರವನ್ನು ದ್ರಾಕ್ಷಿ ತೋಟದಿಂದ ಪರಿಚಯಿಸಿ

ಮಾನ್ಯರೇ,

ಪಿಯುಸಿ ಪ್ರವೇಶದ ಸಮಯ ಬಂತೆಂದರೆ ವಿಜಯಪುರ ಜಿಲ್ಲೆಯ ಬಹಳಷ್ಟು ಮನೆಗಳಲ್ಲಿ ಒಂದೇ ಲೆಕ್ಕ: ಜೀವಶಾಸ್ತ್ರ ತಗೊಂಡರೆ ಡಾಕ್ಟರ್, ನೀಟ್‌ನಲ್ಲಿ ಅಂಕ ಬರದಿದ್ದರೆ ಓದೆಲ್ಲ ದಂಡ. ಪತ್ರಿಕೆಗಳ ಶಿಕ್ಷಣ ಪುಟಗಳು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ತಳಿಶಾಸ್ತ್ರ ಎಂದು ಹೆಸರು ಪಟ್ಟಿ ಮಾಡಿ, ಒಂದೊಂದಕ್ಕೆ ಒಂದು ಸಾಲಿನ ವ್ಯಾಖ್ಯೆ ಕೊಟ್ಟು ಮುಗಿಸುತ್ತವೆ. ಯಾವ ಶಾಖೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತದೆ ಎಂಬುದು ಮಕ್ಕಳಿಗೂ ತಿಳಿಯುವುದಿಲ್ಲ, ಹೆತ್ತವರಿಗೂ ತಿಳಿಯುವುದಿಲ್ಲ. ತಿಕೋಟಾ, ಬಬಲೇಶ್ವರ ಭಾಗದ ಒಂದು ದ್ರಾಕ್ಷಿ ತೋಟ ಸಾಕು, ಇವುಗಳಲ್ಲಿ ಹೆಚ್ಚಿನವನ್ನು ತೋರಿಸಲು.

ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸ) ನಂತರ ಮಳೆ ಬಿದ್ದರೆ, ಇಬ್ಬನಿ ಜಾಸ್ತಿಯಾದರೆ ಬೆಳೆಗಾರರಿಗೆ ದಾವಣಿ ರೋಗದ ಚಿಂತೆ. ಎಲೆಯ ಮೇಲ್ಭಾಗದಲ್ಲಿ ಎಣ್ಣೆ ತಾಗಿದಂಥ ಹಳದಿ ಮಚ್ಚೆ, ಅದರ ಅಡಿಯಲ್ಲಿ ಬಿಳಿ ತುಪ್ಪಟ. ಬೂದಿ ರೋಗದ ಲಕ್ಷಣ ಬೇರೆ: ಎಲೆಯ ಎರಡೂ ಬದಿಗೆ, ಕಾಯಿಯ ಮೇಲೂ ಬೂದಿ ಚೆಲ್ಲಿದಂಥ ಪುಡಿ, ಬೆರಳಿನಿಂದ ಒರೆಸಿದರೆ ಬರುತ್ತದೆ. ಸುದ್ದಿಗಳಲ್ಲಿ ಎರಡನ್ನೂ ಶಿಲೀಂಧ್ರ ರೋಗ ಎಂದೇ ಬರೆಯುವುದುಂಟು. ವರ್ಗೀಕರಣ ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಬೂದಿ ರೋಗ ತರುವುದು ನಿಜವಾದ ಶಿಲೀಂಧ್ರ. ದಾವಣಿಯ ಜೀವಿ ಪ್ಲಾಸ್ಮೊಪಾರಾ ವಿಟಿಕೋಲಾ ಊಮೈಸೀಟ್ ಎಂಬ ಗುಂಪಿನದು, ಅಂದರೆ ಸಮುದ್ರದ ಕಂದು ಪಾಚಿಗಳ ದೂರದ ನೆಂಟ.

ಈ ವ್ಯತ್ಯಾಸ ರೈತನ ಕಿಸೆಗೆ ಸಂಬಂಧಿಸಿದ್ದು. ಹೆಕ್ಸಾಕೊನಜೋಲ್‌ನಂಥ ಔಷಧ ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ. ದಾವಣಿಯ ಜೀವಿ ಅದನ್ನು ತಯಾರಿಸುವುದೇ ಇಲ್ಲ. ಹೀಗಾಗಿ ಆ ಔಷಧ ಹೊಡೆದರೆ ಬೂದಿ ನಿಂತೀತು, ದಾವಣಿ ಹಬ್ಬುತ್ತಲೇ ಇರುತ್ತದೆ. ಇದನ್ನು ಬಿಡಿಸಿ ಹೇಳುವುದು ಜೀವರಸಾಯನಶಾಸ್ತ್ರ. ಇನ್ನು ಸಸ್ಯರಚನಾಶಾಸ್ತ್ರಕ್ಕೆ ಬಂದರೆ, ದಾವಣಿಯ ಚರಬೀಜಕಗಳಿಗೆ (ಚಲಿಸಬಲ್ಲ ಬೀಜಕಗಳು) ಎರಡು ಬಾಲಗಳಿವೆ. ಎಲೆಯ ಮೇಲಿನ ನೀರಿನ ಪದರದಲ್ಲಿ ಈಜಿ ಪತ್ರರಂಧ್ರದ ಮೂಲಕ ಒಳಹೊಗುತ್ತವೆ. ದ್ರಾಕ್ಷಿಯ ಪತ್ರರಂಧ್ರಗಳು ಇರುವುದು ಎಲೆಯ ಕೆಳಬದಿಯಲ್ಲಿ. ಸಿಂಪರಣೆ ಮೇಲ್ಭಾಗಕ್ಕಷ್ಟೇ ಬಿದ್ದರೆ ಬಾಗಿಲು ತೆರೆದೇ ಉಳಿಯುತ್ತದೆ.

ದಾವಣಿಯನ್ನು ತಡೆಯುವ ಬೋರ್ಡೋ ದ್ರಾವಣವನ್ನು 1885ರಲ್ಲಿ ಲೋಕಕ್ಕೆ ತಿಳಿಸಿದವರು ಫ್ರಾನ್ಸಿನ ಸಸ್ಯವಿಜ್ಞಾನಿ ಮಿಯಾರ್ಡೆ. ಶೇ 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೊ ಸುಟ್ಟ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರ್‌ನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ, ಪ್ಲಾಸ್ಟಿಕ್ ಡ್ರಮ್ಮುಗಳಲ್ಲೇ ಕರಗಿಸಬೇಕು. ಕಬ್ಬಿಣದ ಪಾತ್ರೆಯಾದರೆ ತಾಮ್ರ ಅದಕ್ಕೇ ಅಂಟಿಕೊಳ್ಳುತ್ತದೆ. ಸುಣ್ಣದ ನೀರನ್ನು ಸೋಸಿ, ಎರಡನ್ನೂ ಮೂರನೆಯ ಡ್ರಮ್ಮಿಗೆ ಒಟ್ಟಿಗೆ ಸುರಿಯುತ್ತ ಕಲಕಬೇಕು. ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ: ಕೆಂಪು ಲೇಪ ಹತ್ತಿದರೆ ಸುಣ್ಣ ಕಡಿಮೆಯಾಗಿದೆ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಲೇಪ ನಿಲ್ಲುವವರೆಗೆ ಸುಣ್ಣದ ನೀರು ಬೆರೆಸಬೇಕು. ಎಳೆ ಚಿಗುರಿಗೆ ಈ ಸಾಂದ್ರತೆಯೇ ಹೆಚ್ಚಾಗಬಹುದು. ಕಲಸಿದ ದಿನವೇ ಬಳಸಿ ಮುಗಿಸಬೇಕು. ಮರುದಿನಕ್ಕೆ ಇಟ್ಟರೆ ಗಸಿ ಕೂತು ಎಲೆಗೆ ಹಿಡಿಯುವ ಗುಣ ಹೋಗುತ್ತದೆ.

ಒಂದೇ ಔಷಧವನ್ನು ವರ್ಷವರ್ಷ ಹೊಡೆದರೆ ಏನಾಗುತ್ತದೆ ಎಂಬುದು ವಿಕಾಸಶಾಸ್ತ್ರದ ಪಾಠ. ದಾವಣಿಗೆ ಹೊಡೆಯುವ ಮೆಟಲಾಕ್ಸಿಲ್ ಎಂಬ ಔಷಧ ಮಾರುಕಟ್ಟೆಗೆ ಬಂದ ಕೆಲವೇ ವರ್ಷಗಳಲ್ಲಿ ಅದಕ್ಕೆ ಬಗ್ಗದ ದಾವಣಿ ಕಾಣಿಸಿಕೊಂಡಿತು. ಔಷಧ ಆ ಗುಣವನ್ನು ಹುಟ್ಟಿಸಲಿಲ್ಲ. ಆ ಗುಣ ಮೊದಲೇ ಇದ್ದ ಕೆಲವು ಉಳಿದವು, ಅವುಗಳದೇ ಸಂತಾನ ಬೆಳೆಯಿತು. ಪ್ರಮಾಣ ಹೆಚ್ಚಿಸುವುದು ಇದಕ್ಕೆ ಪರಿಹಾರವಲ್ಲ. ಬೇರೆ ಬಗೆಯಲ್ಲಿ ಕೆಲಸ ಮಾಡುವ ಔಷಧ ಬೇಕು.

ತಳಿಶಾಸ್ತ್ರವೂ ಅಲ್ಲೇ ಇದೆ. ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜರಹಿತ ದ್ರಾಕ್ಷಿ ತಳಿಯ ಬಳ್ಳಿ ಬೀಜದಿಂದ ಬಂದದ್ದಲ್ಲ, ಕಡ್ಡಿಯಿಂದ ಬಂದದ್ದು. ಆದ್ದರಿಂದ ತೋಟದ ಬಳ್ಳಿಗಳೆಲ್ಲ ವಂಶವಾಹಿಯಲ್ಲಿ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ಅಷ್ಟೇ ಸುಲಭವಾಗಿ ತಗಲುತ್ತದೆ. ಇದರ ಹಣ್ಣಿನಲ್ಲಿ ಬೀಜ ರೂಪುಗೊಳ್ಳತೊಡಗುತ್ತದೆ, ಆದರೆ ಅರ್ಧದಲ್ಲೇ ನಶಿಸುತ್ತದೆ. ಕಾಯಿ ದಪ್ಪವಾಗಲು ಬೀಜ ಒದಗಿಸಬೇಕಾದ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು ಕಡಿಮೆ ಬೀಳುವುದರಿಂದ ಹೊರಗಿನಿಂದ ಜಿ.ಎ. (ಜಿಬ್ಬರೆಲಿಕ್ ಆಮ್ಲ) ಕೊಡುತ್ತಾರೆ. ಈ ರಾಸಾಯನಿಕದ ಸುಳಿವು ಸಿಕ್ಕಿದ್ದು ದ್ರಾಕ್ಷಿಯಲ್ಲಲ್ಲ, ಜಪಾನಿನ ಭತ್ತದ ಗದ್ದೆಯಲ್ಲಿ. ಪೈರು ವಿಪರೀತ ಉದ್ದ ಬೆಳೆದು ಬೀಳುವ ರೋಗಕ್ಕೆ ಒಂದು ಶಿಲೀಂಧ್ರ ಸ್ರವಿಸುವ ವಸ್ತುವೇ ಕಾರಣ ಎಂದು ಕುರೊಸಾವಾ 1926ರಲ್ಲಿ ತೋರಿಸಿದರು. 100 ಲೀಟರ್ ನೀರಿಗೆ 1 ಗ್ರಾಂ ಜಿ.ಎ. ಎಂದರೆ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 10 ಭಾಗ). ಪುಡಿ ನೀರಿನಲ್ಲಿ ಸರಿಯಾಗಿ ಕರಗದು. ಮೊದಲು ತುಸು ಆಲ್ಕೊಹಾಲ್‌ನಲ್ಲಿ ಕರಗಿಸಿಕೊಳ್ಳಬೇಕು. ಅತಿಯಾದರೆ ತೊಟ್ಟು ದಪ್ಪಗಾಗಿ ಬಿರುಸಾಗುತ್ತದೆ, ಗೊನೆಯಿಂದ ಕಾಯಿ ಉದುರುತ್ತವೆ. ಏಪ್ರಿಲ್ ಚಾಟ್ನಿಯಾದ ಸುಮಾರು 40ರಿಂದ 60ನೇ ದಿನದ ನಡುವೆ ಮೊಗ್ಗಿನೊಳಗೆ ಮುಂದಿನ ಗೊನೆ ನಿರ್ಧಾರವಾಗುತ್ತದೆ ಎಂಬುದೂ ಸಸ್ಯಶರೀರಕ್ರಿಯಾಶಾಸ್ತ್ರವೇ ತಿಳಿಸಿದ್ದು. ಆಗ ಎಲೆ ದಟ್ಟವಾಗಿ ಮೊಗ್ಗಿಗೆ ಬೆಳಕು ಸಿಗದಿದ್ದರೆ ಅಕ್ಟೋಬರ್ ಚಾಟ್ನಿಯ ಮೇಲೆ ಬರೀ ಬಳ್ಳಿ ಬರುತ್ತದೆ, ಗೊನೆ ಬರುವುದಿಲ್ಲ.

ಹಿಟ್ಟು ತಿಗಣೆ ಹತ್ತಿದ ಬಳ್ಳಿಯಲ್ಲಿ ಇರುವೆ ಸಾಲು ಕಂಡರೆ ಅದು ಕೀಟಶಾಸ್ತ್ರ, ಪರಿಸರಶಾಸ್ತ್ರ ಎರಡರ ವಿಷಯ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದಕ್ಕೆ ಕಾವಲು ನಿಂತು, ತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ದುಂಬಿಯನ್ನು ಓಡಿಸುತ್ತವೆ. ದುಂಬಿ ತಂದು ಬಿಟ್ಟು ಅದರ ಬೆನ್ನಿಗೇ ಕೀಟನಾಶಕ ಹೊಡೆದರೆ ಸಾಯುವುದು ದುಂಬಿಯೇ.

ತೋಟದಾಚೆಗೂ ನಮ್ಮ ಭಾಗದಲ್ಲಿ ನೋಡಲು ಬೇಕಾದಷ್ಟಿದೆ. ಖಾನಾಪುರ ತಾಲ್ಲೂಕಿನ ಬಾರಾಪೇಡೆ ಗುಹೆಯ ಬಾವಲಿಯನ್ನು 1913ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು. ಬಹುಕಾಲ ಲೋಕದಲ್ಲಿ ಅದರ ನೆಲೆಯೆಂದು ತಿಳಿದಿದ್ದುದು ಅದೊಂದೇ ಗುಹೆ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಾ ಎಂಬ ಹುಲ್ಲೆಯ ಧಾಮವಿದೆ. ಓದಲು ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಅರಭಾವಿಯಲ್ಲಿ ಅದರ ಕಾಲೇಜು, ವಿಜಯಪುರದಲ್ಲಿ ಕೃಷಿ ಕಾಲೇಜು. ಬೆಳಗಾವಿಯಲ್ಲಿ ಪಾರಂಪರಿಕ ವೈದ್ಯ ಪದ್ಧತಿಗಳ ಸಂಶೋಧನೆಗೆಂದೇ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆಯಿದೆ. ಇವುಗಳ ಸುದ್ದಿ ಹಳ್ಳಿಯ ಪಿಯುಸಿ ಮಕ್ಕಳಿಗೆ ನೀಟ್ ಕೋಚಿಂಗ್ ಜಾಹೀರಾತಿನಷ್ಟು ಸುಲಭವಾಗಿ ತಲುಪುವುದಿಲ್ಲ. ಇದು ನಮಗೆ ನಿಜಕ್ಕೂ ನೋವಿನ ಸಂಗತಿ.

ಪತ್ರಿಕೆಯಲ್ಲಿ ವಾರಕ್ಕೊಂದು ಶಾಖೆಯನ್ನು, ಮನೆಯಲ್ಲೋ ಶಾಲೆಯಲ್ಲೋ ಮಾಡಿ ನೋಡಬಹುದಾದ ಒಂದು ಪರೀಕ್ಷೆಯ ಜೊತೆ ಪರಿಚಯಿಸಬೇಕೆಂದು ಕೋರುತ್ತೇವೆ. ಮೊದಲ ಕಂತಿಗೆ ಇದನ್ನು ಪರಿಶೀಲಿಸಬಹುದು: ಹಳದಿ ಮಚ್ಚೆಯ ಎಲೆಯನ್ನು ಕೆಳಬದಿ ಮೇಲಾಗಿಸಿ, ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರಾತ್ರಿಯಿಡೀ ತಂಪು ಜಾಗದಲ್ಲಿ ಇಡುವುದು. ದಾವಣಿಯಾಗಿದ್ದರೆ ಬೆಳಗಾಗುವಷ್ಟರಲ್ಲಿ ಮಚ್ಚೆಯ ಜಾಗದಲ್ಲಿ ತುಪ್ಪಟ ಎದ್ದಿರುತ್ತದೆ. ಅದನ್ನು ಸೂಜಿಯಿಂದ ಗಾಜಿನ ಪಟ್ಟಿಯ ಮೇಲಿನ ನೀರಹನಿಗೆ ಹಾಕಿ, ಶಾಲೆಯ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದರೆ ಕವಲೊಡೆದ ಕಡ್ಡಿಗಳ ತುದಿಯಲ್ಲಿ ಲಿಂಬೆಯಾಕಾರದ ಬೀಜಕ ಚೀಲಗಳು ಕಾಣುತ್ತವೆ. ಬೂದಿ ರೋಗದ ಪುಡಿಯಲ್ಲಿ ಬೀಜಕಗಳು ಸರಪಳಿಯಂತೆ ಒಂದರ ಮೇಲೊಂದು ನಿಂತಿರುತ್ತವೆ. ಎರಡೂ ರೋಗದ ಎಲೆಗಳ ಬಣ್ಣದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಅಕ್ಟೋಬರ್ ಚಾಟ್ನಿಗೆ ಮುಂಚಿನ ವಾರವೇ ಇದನ್ನು ಪ್ರಕಟಿಸಿದರೆ ಬೆಳೆಗಾರರಿಗೂ ಆ ಹಂಗಾಮಿಗೇ ಉಪಯೋಗವಾಗುತ್ತದೆ.

– ಜೀವಶಾಸ್ತ್ರ ಉಪನ್ಯಾಸಕರು, ವಿಜಯಪುರ