ಟಾವಿ ಮಾಡಿಸುವ ಮುಂಚೆ ಆ ಅಳತೆ ಕೇಳಿ

ಸಂಪಾದಕರಿಗೆ ನಮಸ್ಕಾರ,

ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಹೃದಯದ ಕವಾಟ ಹಾಕಿದರು (ಇದಕ್ಕೆ ಟಾವಿ ಅನ್ನುತ್ತಾರೆ) ಅನ್ನುವ ಸುದ್ದಿ ಆಗಾಗ ಬರುತ್ತದೆ. ಖುಷಿಯ ವಿಷಯವೇ. 2002ರಲ್ಲಿ ಫ್ರಾನ್ಸಿನ ವೈದ್ಯ ಅಲೆನ್ ಕ್ರಿಬಿಯೆ ಶುರು ಮಾಡಿದ್ದು ಈಗ ಬೆಂಗಳೂರಿನಲ್ಲೂ ನಡೆಯುತ್ತಿದೆ. ಆದರೆ ಈ ಸುದ್ದಿಗಳಲ್ಲಿ ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳ ಮುಚ್ಚಿಹೋಗುವ ಅಪಾಯದ ಮಾತೇ ಇರುವುದಿಲ್ಲ.

ಟಾವಿಯಲ್ಲಿ ಹಳೇ ಕವಾಟವನ್ನು ಕಿತ್ತು ಹಾಕುವುದಿಲ್ಲ. ಹೊಸದು ಅರಳುವಾಗ ಹಳೆಯದರ ಎಸಳುಗಳನ್ನು ಪಕ್ಕಕ್ಕೆ ಒತ್ತರಿಸುತ್ತದೆ, ಆ ಕೊರೊನರಿ ನಾಳಗಳ ಬಾಯಿ ಇರುವುದು ಅಲ್ಲೇ ಸ್ವಲ್ಪ ಮೇಲೆ. ಬಾಯಿ ತೀರಾ ಕೆಳಗಿದ್ದು ಸುತ್ತ ಜಾಗವೂ ಕಮ್ಮಿ ಇದ್ದರೆ ಎಸಳು ಹೋಗಿ ಅದನ್ನು ಮುಚ್ಚಿಬಿಡಬಹುದು. ಹೀಗಾಗುವುದು ನೂರಕ್ಕೆ ಒಬ್ಬರಿಗಿಂತ ಕಮ್ಮಿ, ಹೆಂಗಸರಲ್ಲೇ ಜಾಸ್ತಿ. ಆದರೆ ಹೀಗಾದವರಲ್ಲಿ ನೂರಕ್ಕೆ ಸುಮಾರು 40 ಜನ ತಿಂಗಳೊಳಗೆ ತೀರಿಕೊಂಡಿದ್ದಾರೆ ಎಂದು 2013ರ ದೊಡ್ಡ ಅಧ್ಯಯನವೊಂದು ಹೇಳಿತ್ತು.

ಇದನ್ನು ಮುಂಚೆಯೇ ಸಿ.ಟಿ. ಸ್ಕ್ಯಾನ್‌ನಲ್ಲಿ ಅಳೆಯಬಹುದು. ನಮ್ಮ ಅತ್ತೆಯ ಸ್ಕ್ಯಾನ್ ತೆರೆದು ಡಾಕ್ಟರು ಕವಾಟದ ಬುಡದಿಂದ ಎಡ ನಾಳದ ಬಾಯಿವರೆಗೆ ಒಂದು ಗೆರೆ ಎಳೆದರು, ಪಕ್ಕದಲ್ಲಿ 9 ಮಿ.ಮೀ. ಅಂತ ಬಂತು. 12ಕ್ಕಿಂತ ಕಮ್ಮಿ ಇದ್ದರೆ ಹುಷಾರಾಗಿರಬೇಕು, ಎಸಳುಗಳ ಸುತ್ತಲಿನ ಮಹಾಪಧಮನಿಯ ಅಗಲವೂ 30ರ ಒಳಗಿದ್ದರೆ ಇನ್ನೂ ಹುಷಾರು ಅಂದರು. ಹಾಗಾಗಿ ಹೊಸ ಕವಾಟ ಅರಳಿಸುವ ಮೊದಲೇ ಆ ನಾಳದೊಳಗೆ ತಂತಿ ಮತ್ತು ಸ್ಟೆಂಟ್ ಇಟ್ಟುಕೊಂಡಿದ್ದರು. ಪುಣ್ಯಕ್ಕೆ ಬೇಕಾಗಲಿಲ್ಲ. ಇನ್ನೊಂದು ದಾರಿ ಬೆಸಿಲಿಕಾ, ವಿದ್ಯುತ್ ಹಾಯಿಸಿದ ಸಣ್ಣ ತಂತಿಯಿಂದ ಹಳೇ ಎಸಳನ್ನೇ ಮೊದಲು ಸೀಳುತ್ತಾರೆ, ಆ ಸೀಳಿನಿಂದ ನಾಳಕ್ಕೆ ರಕ್ತ ಹೋಗುತ್ತದೆ. ಅದಕ್ಕೆ ಕೈ ಪಳಗಿದವರೇ ಬೇಕು, ಎಲ್ಲ ಕಡೆ ಸಿಗುವುದಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಹಿಂದೆ ಎದೆ ತೆರೆಸಿಕೊಂಡು ದನದ ಅಥವಾ ಹಂದಿಯ ಅಂಗಾಂಶದ ಕವಾಟ ಹಾಕಿಸಿಕೊಂಡವರ ಬಗ್ಗೆ. ಅದು ಸವೆದ ಮೇಲೆ ಒಳಗೇ ಇನ್ನೊಂದು ಕೂರಿಸಬಹುದು ಅಂತ ಸುಮ್ನೆ ಹೇಳಿಬಿಡುತ್ತಾರೆ, ಅಲ್ವಾ? ಅಂಥವರಲ್ಲಿ ಈ ಅಪಾಯ ಸುಮಾರು ಮೂರು ಪಟ್ಟು. ಅಂದರೆ ಮೊದಲ ಕವಾಟ ಆರಿಸುವಾಗಲೇ ಮುಂದಿನದಕ್ಕೆ ಜಾಗ ಉಳಿಯುತ್ತದಾ ಎಂದು ಕೇಳಬೇಕು. ಅರವತ್ತರ ಆಸುಪಾಸಿನವರಂತೂ ಕೇಳಲೇಬೇಕು.

ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ನಿಮ್ಮ ವರದಿಗಾರರು ಈ ಪ್ರಶ್ನೆಯನ್ನೂ ಕೇಳಲಿ. ಓದುಗರಿಗೆ ಹೇಳುವುದಿಷ್ಟು, ಸಿ.ಟಿ.ಯ ರಿಪೋರ್ಟ್ ಮಾತ್ರವಲ್ಲ, ಸಿ.ಡಿ.ಯನ್ನೂ ಕೇಳಿ ಇಸ್ಕೊಳ್ಳಿ. ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕಾದರೆ ಬೇಕಾಗುವುದು ಅದೇ.

— ಒಬ್ಬ ಓದುಗ, ಮೈಸೂರು